ಹಾಡಿಗೆ ಅಳತೆ ಹಿಡಿದ ಟೇಲರ್

ಆ ಕಾರ್ಯಕ್ರಮ ನಡೆದದ್ದು ಔರಾದಿನಲ್ಲೋ ಭಾಲ್ಕಿಯಲ್ಲೋ, ಆಣೆ ಮಾಡಿ ಹೇಳಲಾರೆ. ಟೇಲರ್ ಕಾಕಾ ವೇದಿಕೆಗೆ ಬೆನ್ನು ಹಾಕಿ ಕೂತದ್ದು ಮಾತ್ರ ಖಂಡಿತ. ಬೀದರಿನ ನಮ್ಮ ರಾಕ್ ಬ್ಯಾಂಡಿನ ಹಾಡುಗಾರ ಆ ವರ್ಷದ ಬರಗಾಲದಲ್ಲಿ ಕೆಲಸ ಹುಡುಕಿ ಪುಣೆಗೆ ಹೋಗಿದ್ದ. ಅವನ ಜಾಗಕ್ಕೆ ಕಮಲನಗರದ ಪೇಂಟರ್ ಒಬ್ಬ ಬಂದಿದ್ದ. ಜನ ಒಪ್ಪದಿದ್ದರೆ ಇವನೂ ಪುಣೆಯ ಬಸ್ಸು ಹತ್ತಬೇಕಿತ್ತು.

ಕಾಕಾನಿಗೆ ಅದೆಲ್ಲ ಬೇಕಿರಲಿಲ್ಲ. ಬ್ಯಾಂಡಿನವರ ಅಂಗಿ ಹೊಲಿದದ್ದಕ್ಕೆ ಅವರ ಸಂಗೀತವೂ ತನ್ನದೇ ಎಂದುಕೊಂಡಿದ್ದ. ಕೊರಳಿನ ಟೇಪನ್ನು ಎಳೆಯುತ್ತ, ಯಾರು ಹಾಡಿದರೂ "ಅಳತಿ ತಪ್ಪ್ಯಾದರಿ" ಎನ್ನುತ್ತಿದ್ದ.

ಹಳೆಯ ಹಾಡುಗಾರ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮೂಟೆ ಹೊತ್ತು ಧೂಳು ಕುಡಿದವನು. ಎರಡನೇ ಚರಣಕ್ಕೆ ಮುಂಚೆ ಪ್ರತಿ ಸಲ ಕೆಮ್ಮುತ್ತಿದ್ದ. ನಮ್ಮ ಮಹಾ ಅಭಿಮಾನಿಗಳು ಅದೂ ಹಾಡಿನ ಭಾಗವೆಂದು ತಿಳಿದು ಶಿಳ್ಳೆ ಹೊಡೆಯುತ್ತಿದ್ದರು. ಹೊಸಬ ಅಲ್ಲಿ ಕೆಮ್ಮದೆ ಹಾಡು ಮುಂದುವರಿಸಿದ.

ಕಾಕಾ ಎದ್ದು ನಿಂತ. "ಏ ತಮ್ಮಾ, ಕೆಮ್ಮು ಎಲ್ಲಿ ಬಿಟ್ಟು ಬಂದಿ? ಅಳತಿ ತಪ್ಪ್ಯಾದ!"

ಎಲ್ಲರೂ ನಕ್ಕರು. ಹೊಸಬ ಮೈಕಿನಲ್ಲೇ ಹೇಳಿದ: "ಕಾಕಾ, ಅಂವಾ ಪುಣೇದಾಗ ದವಾಖಾನಿಯೊಳಗ ಕೆಮ್ಲಾಕತ್ಯಾನರಿ. ಹೋಗಿ ಕೇಳಿ ಬರ್ರಿ."

ನಗು ನಿಂತಿತು. ಹೊಸಬ ಹಾಡು ಮುಗಿಸಿದ, ಬ್ಯಾಂಡಿನಲ್ಲಿ ಉಳಿದ. ಮರುದಿನ ಕಾಕಾನ ಅಂಗಡಿ ಮುಚ್ಚಿತ್ತು. ಅವನು ಪುಣೆಗೆ ಹೋದನೋ, ಮನೆಯಲ್ಲೇ ಮುಖ ಮುಚ್ಚಿ ಕೂತನೋ, ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.