ನೂಲಿಗೆ ಸಿಗದ ಮೂರನೇ ಪಾಲು

ಬಾಗಿಲು, ಕಪಾಟು ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ನೂಲಕ್ಕ. ಬಡಗಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಹಾಗಾಗಿ ಮುಕ್ಕಾಲು ಇಂಚು ಅಂದರೆ ಅವಳಿಗೆ ಆರು ನೂಲು, ಅರ್ಧ ಅಂದರೆ ನಾಲ್ಕು. ಯಾವ ಅಳತೆ ಬಂದರೂ ಮೊದಲು ನೂಲಿಗೆ ಇಳಿಸುವುದು, ಆಮೇಲೆ ಕೂಡುವುದು, ಕಳೆಯುವುದು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ಇಪ್ಪತ್ತೆರಡು ವರ್ಷದಲ್ಲಿ ಒಂದು ಹಲಗೆಯನ್ನೂ ಹಾಳು ಮಾಡಿರಲಿಲ್ಲ.

ಕೊಯ್ಯುವ ಮುಂಚೆ ಮರಕ್ಕೆ ಗುರುತು ಹಾಕುತ್ತಿದ್ದ ಮೇಸ್ತ್ರಿ ನಿವೃತ್ತನಾದ. ಆ ಜಾಗ ತನಗೆ ಬರಬೇಕೆಂದು ಅವಳಿಗಿತ್ತು. ಗರಗಸದ ಯಂತ್ರ ನಡೆಸುವವನಿಗೂ ಇತ್ತು. ಯಜಮಾನರು ಇಬ್ಬರ ಕೈಗೂ ಒಂದೊಂದು ಚೀಟಿ ಕೊಟ್ಟರು. ಕಪಾಟಿನಲ್ಲಿ ಎರಡಿಂಚಿನ ಸಂದು. ಅದರೊಳಗೆ ಮುಕ್ಕಾಲು ಇಂಚಿನ ಒಂದು ಹಲಗೆ, ಇಂಚಿನ ಮೂರರಲ್ಲಿ ಎರಡು ಪಾಲು ದಪ್ಪದ ಇನ್ನೊಂದು. ಉಳಿದ ಜಾಗಕ್ಕೆ ಪಟ್ಟಿ ಕೊಯ್ಯಬೇಕು.

“ಸಂದಿನ ಹತ್ತಿರ ಹೋಗಿ ಅಳೆಯೋ ಹಾಗಿಲ್ಲ. ಯಾರ ಪಟ್ಟಿ ಕೂರುತ್ತೋ ಅವರೇ ಇನ್ನು ಮೇಸ್ತ್ರಿ.”

ಯಂತ್ರದವನು ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಮುಗಿಸಿದ. “ಮೇಲಿನ ಅಂಕಿ ಮೂರಕ್ಕೆ ಎರಡು ಕೂಡಿದ್ರೆ ಐದು. ಕೆಳಗಿಂದು ನಾಲ್ಕಕ್ಕೆ ಮೂರು, ಏಳು. ಎರಡು ಹಲಗೆ ಸೇರಿ ಏಳರಲ್ಲಿ ಐದು. ಎರಡಿಂಚಲ್ಲಿ ಅದನ್ನ ಕಳೆದ್ರೆ ಪಟ್ಟಿ. ಏನಕ್ಕ, ನಿಮ್ಮ ನೂಲು ಗಂಟು ಬಿತ್ತಾ?”

ನಿಜಕ್ಕೂ ಬಿದ್ದಿತ್ತು. ಮುಕ್ಕಾಲು ಆರು ನೂಲು, ಸರಿ. ಆದರೆ ಎಂಟು ನೂಲನ್ನು ಮೂರು ಸಮಪಾಲು ಮಾಡಹೋದರೆ ಎರಡು ಮಿಕ್ಕುತ್ತದೆ. ಅಂದಾಜಿಗೆ ಐದು ನೂಲು ಅನ್ನಬಹುದಿತ್ತು. ಅಂದಾಜಿನ ಪಟ್ಟಿ ಕೂರುವುದಿಲ್ಲವೆಂದು ಅವಳ ಬೆರಳುಗಳಿಗೇ ಗೊತ್ತಿತ್ತು.

ಎಡವಿದ್ದು ತಾನಲ್ಲ, ಎಂಟು ಎಂದುಕೊಂಡಳು. ನಾಲ್ಕು ಪಾಲಿಗೂ ಮೂರು ಪಾಲಿಗೂ ಮಿಗದೆ ಒಡೆಯುವ ಸಂಖ್ಯೆ ಬೇಕು. ಹನ್ನೆರಡು. ಇಂಚಿಗೆ ಹನ್ನೆರಡು ನೂಲು ಎಂದು ಇಟ್ಟುಕೊಂಡರೆ ಮುಕ್ಕಾಲು ಒಂಬತ್ತು, ಮೂರರಲ್ಲಿ ಎರಡು ಎಂಟು. ಕೂಡಿದರೆ ಹದಿನೇಳು. ಎರಡಿಂಚಿಗೆ ಇಪ್ಪತ್ನಾಲ್ಕು. ಉಳಿದದ್ದು ಏಳು.

ಉಕ್ಕಿನ ಮೂಲೆಮಟ್ಟದ ಹಿಂಬದಿಯಲ್ಲಿ ಇಂಚಿಗೆ ಹನ್ನೆರಡು ಗೆರೆಗಳಿದ್ದವು. ಅಲ್ಲಿ ಯಾರೂ ಅವನ್ನು ಬಳಸುತ್ತಿರಲಿಲ್ಲ. ಅವಳು ಏಳು ಗೆರೆ ಎಣಿಸಿ ಪೆನ್ಸಿಲ್ ಎಳೆದಳು.

“ಏನಪ್ಪಾ, ನಿನ್ನ ಏಳರಲ್ಲಿ ಐದು ಮುಕ್ಕಾಲಿಗಿಂತ ದೊಡ್ಡದೋ ಚಿಕ್ಕದೋ?”

ಅವನು ಲೆಕ್ಕ ಹಾಕಿದ. “ಒಂಚೂರು ಚಿಕ್ಕದು.”

“ಮುಕ್ಕಾಲಿನ ಹಲಗೆಗೆ ಇನ್ನೊಂದು ಸೇರಿಸಿದ ಮೇಲೂ ಸಣ್ಣಗಾಯ್ತಾ? ಹಲಗೆ ಏನು ಉಪವಾಸ ಮಾಡ್ತಾ?”

ಯಜಮಾನರೂ ನಕ್ಕರು. ಆಗಲೇ ಕೊಯ್ದಿದ್ದ ಅವನ ಪಟ್ಟಿ ದಪ್ಪವಾಗಿ ಸಂದಿನ ಬಾಯಲ್ಲೇ ನಿಂತಿತು. ಅವಳದು ಕೊಡತಿಯ ಒಂದೇ ಮೆಲು ಏಟಿಗೆ ಒಳಗೆ ಸರಿದು, ಕಾಗದವೂ ತೂರದಂತೆ ಕೂತಿತು.

“ನಾಳೆಯಿಂದ ಗುರುತು ನೀನೇ ಹಾಕಮ್ಮ,” ಅಂದರು ಯಜಮಾನರು.

ಅವಳು ಯಂತ್ರದವನ ಕಡೆ ತಿರುಗಿದಳು. “ಕೊಯ್ಯೋದು ನೀನೇ. ಕೈಯಲ್ಲಿ ನಿನ್ನ ಮೀರಿಸೋರಿಲ್ಲ.”

“ಆಯ್ತಕ್ಕ. ಇನ್ಮೇಲೆ ಇಂಚಿಗೆ ಎಷ್ಟು ನೂಲು?”

“ಕೆಲಸ ಕೇಳಿದಷ್ಟು.”