ನಶ್ಯದ ಡಬ್ಬಿ ತಡೆದ ಹಾಡು

ಹೊಳೆನರಸೀಪುರದ ಪೇಟೆಬೀದಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ರಂಗಸ್ವಾಮಿಯಂಥ ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾನಂತೂ ಕಂಡಿಲ್ಲ. ಯುದ್ಧದ ಕಾಲ, ಊರಿನಲ್ಲಿದ್ದದ್ದು ಬೆರಳೆಣಿಕೆಯ ರೇಡಿಯೊಗಳು, ಕೆಟ್ಟರೆ ಇವನ ಕೈಗೇ ಬರಬೇಕು. ಇಷ್ಟಿದ್ದೂ ಅವನಿಗೆ ನೆಮ್ಮದಿಯಿರಲಿಲ್ಲ. ಕಾರಣ, ಕೇಶವ.

ಹೆಂಡತಿ ಜಯಲಕ್ಷ್ಮಮ್ಮ ರುದ್ರಪಟ್ಟಣದವಳು. ಅವಳ ತಂದೆ ಮಗಳನ್ನೂ ಕೇಶವನೆಂಬ ಶಿಷ್ಯನನ್ನೂ ಒಟ್ಟಿಗೆ ಕೂರಿಸಿ ಸಂಗೀತ ಹೇಳಿಕೊಟ್ಟಿದ್ದರು. ಅವಳ ಹಾಡು ಮದುವೆಯೊಂದಿಗೆ ನಿಂತಿತು. ಕೇಶವ ಮಾತ್ರ ಶುಕ್ರವಾರ ಸಂಜೆ ಮೈಸೂರು ರೇಡಿಯೊ ಸ್ಟೇಷನ್ನಿನಲ್ಲಿ ಹಾಡುತ್ತಿದ್ದ. ಅವನ ದನಿ ಬಂದೊಡನೆ ಅವಳು ಒಲೆ ಬಿಟ್ಟು ಬಂದು ಕಣ್ಣು ಮುಚ್ಚಿ ಕೂರುವಳು. ರಂಗಸ್ವಾಮಿಗೆ ಮೈಯೆಲ್ಲ ಉರಿಯುತ್ತಿತ್ತು. ರೇಡಿಯೊ ಆರಿಸಿದರೆ ಕಾರಣ ಹೇಳಬೇಕು. ಸ್ಟೇಷನ್ನೇ ಬಾರದಿದ್ದರೆ ಯಾರೇನು ಮಾಡಲಾದೀತು?

ತಾಮ್ರದ ತಂತಿಯ ಸುರುಳಿಗೆ ಒಂದು ಕಂಡೆನ್ಸರ್ ಸೇರಿಸಿ, ಅದರ ತಿರುಪನ್ನು ಹದವಾಗಿ ತಿರುಗಿಸಿ ರೇಡಿಯೊದ ಏರಿಯಲ್ ತಂತಿಗೆ ಕಟ್ಟಿದರೆ ಬೇಡದ ಸ್ಟೇಷನ್ನೊಂದನ್ನು ಹೊರಗೇ ನಿಲ್ಲಿಸಬಹುದು. ಮೊದಲು ಮಾಡಿದ್ದು ಕಾಫಿಪುಡಿ ಡಬ್ಬಿಯಷ್ಟಾಯಿತು. ಕಸ ಗುಡಿಸುವಾಗ ಹೆಂಡತಿಯ ಕಣ್ಣಿಗೆ ಬೀಳುತ್ತದೆ. ಸುರುಳಿಯನ್ನು ಕಿರಿದು ಮಾಡಿ ನಶ್ಯದ ತಗಡಿನ ಡಬ್ಬಿಗೆ ತುರುಕಿದ. ಮುಚ್ಚಳ ಹಾಕಿದೊಡನೆ ಹದ ಕೆಟ್ಟು ಕೇಶವ ಮತ್ತೆ ನುಸುಳಿದ. ಕೊನೆಗೆ ಮುಚ್ಚಳಕ್ಕೆ ತೂತು ಕೊರೆದು, ಮುಚ್ಚಿಟ್ಟೇ ಹೊರಗಿನಿಂದ ತಿರುಪಿದ. ಮೈಸೂರಿನ ಯಾವ ಕಾರ್ಯಕ್ರಮ ಬರುವಾಗ ತಿರುಪಿದರೂ ನಡೆಯುತ್ತಿತ್ತು. ಈ ಮಹಾರಾಯನಿಗೆ ಕೇಶವನ ಗಂಟಲೇ ಅಡಗಬೇಕಿತ್ತು. ಶುಕ್ರವಾರ ಬಂತೆಂದರೆ ಅಂಗಡಿಯಲ್ಲಿ ಕೂತು, ಹಲ್ಲು ಕಚ್ಚಿಕೊಂಡು ಒಂದೊಂದು ಸ್ವರವನ್ನೂ ಕೇಳುತ್ತ ತಿರುಪುವನು. ತಿಂಗಳುಗಟ್ಟಲೆ ಅದೇ ಕೆಲಸ.

ಡಬ್ಬಿ ಮನೆಯ ರೇಡಿಯೊದ ಹಿಂದೆ ಸೇರಿತು. ತಿರುಚ್ಚಿ ಬಂತು, ಮದರಾಸು ಬಂತು, ಮೈಸೂರು ಮಾತ್ರ ಬರಲಿಲ್ಲ. ಯುದ್ಧದ ಸಮಯ, ಏನೋ ತೊಂದರೆಯಿರಬೇಕು ಎಂದು ಹೆಂಡತಿಗೆ ಹೇಳಿದ. ಅವಳು ಹೆಚ್ಚು ಕೇಳಲಿಲ್ಲ. ಗೆದ್ದೆನೆಂದು ಇವನು ಒಳಗೊಳಗೇ ಹಿಗ್ಗಿದ.

ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ ತನಗೇ ತಿಳಿಯದಂತೆ ಏನೋ ಗುನುಗುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಜಯಲಕ್ಷ್ಮಮ್ಮ ಬಾಗಿಲಿಗೆ ಬಂದಳು.

"ಆ ಸಾಲನ್ನ ಹಂಗೆ ತಿರುಗಿಸೋದು ನಮ್ಮಪ್ಪ ಇಬ್ಬರಿಗೇ ಹೇಳ್ಕೊಟ್ಟಿದ್ದು ಕಣ್ರೀ. ನಂಗೆ, ಕೇಶವಂಗೆ. ನಾನಂತೂ ಈ ಮನೇಲಿ ಹಾಡೇ ಇಲ್ಲ."

ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೇಳಿದ ಕೇಶವ ತನ್ನ ಬಾಯಿಂದಲೇ ಹೊರಟಿದ್ದನೆಂದು ರಂಗಸ್ವಾಮಿಗೆ ಆಗ ಹೊಳೆಯಿತು. ಅವಳು ಜಗಳಕ್ಕೆ ಬರಲಿಲ್ಲ. ಗೋಡೆಗೊರಗಿ ಕೂತು, "ಇನ್ನೊಂದ್ಸಲ ಹಾಡಿ" ಎಂದು ಕಣ್ಣು ಮುಚ್ಚಿದಳು.

ತನ್ನ ಗಂಟಲಿನಲ್ಲಿ ಅವಳು ಯಾರ ಹಾಡು ಕೇಳಲು ಕೂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಆದರೆ ಗಂಡನ ದನಿಗೆ ಅವಳು ಹಾಗೆ ಕಣ್ಣು ಮುಚ್ಚಿ ಎಂದೂ ಕೂತಿರಲಿಲ್ಲ. ಹಾಡಿದ.