ಮೀನಿಲ್ಲ ಎಂದು ಹೇಳಲು ಹೋದದ್ದು

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದರೂ ಆ ವರ್ಷ ಮೀನು ಬೀಳಲಿಲ್ಲ. ಡೀಸೆಲ್ ಸುಟ್ಟು ಬರಿಗೈಯಲ್ಲಿ ಬಂದವರು ಕೊನೆಗೆ ಬೋಟು ಕಟ್ಟಿಹಾಕಿ ಕೂತರು. ನಾನು ಕಡಲ ಬದಿಯ ನಮ್ಮೂರು ಕೋಡಿಯಿಂದ ಬುಟ್ಟಿ ಒಯ್ದು ಕುಂದಾಪುರದ ಮನೆಗಳಿಗೆ ಮೀನು ಮಾರುವವಳು. ಆ ಮನೆಗಳನ್ನು ನನಗೆ ಕೊಟ್ಟವರು ಅತ್ತೆ. ತಮ್ಮ ಕಾಲು ಸೋತ ಮೇಲೆ ಒಂದು ವಾರ ನನ್ನ ಜೊತೆ ನಡೆದು, "ಇನ್ ಮೇಲೆ ಇವ್ಳೇ ಬಪ್ದ್" ಎಂದು ಗೇಟು ಗೇಟಿಗೂ ಹೇಳಿಬಂದಿದ್ದರು. ನಮಗೆ ಆ ಮನೆಗಳೇ ಆಸ್ತಿ.

ಮೀನೇ ಇಲ್ಲದೆ ಏನು ಹೋಗುವುದೆಂದು ನಾನು ಮನೆಯಲ್ಲೇ ಉಳಿದೆ. ಸೊಂಟನೋವು ಎಂದೆ. ಸುಳ್ಳು. ನನಗೆ ಹೆದರಿಕೆ. ಕಡಲೇ ಕೈಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ. ಅದರ ಮೇಲೆ ಖಾಲಿ ಬುಟ್ಟಿ ಹಿಡಿದು ಗಿರಾಕಿಯ ಎದುರು ನಿಲ್ಲುವ ಮರ್ಯಾದೆಗೇಡು ಬೇರೆ. ಐದು ದಿನ ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ ಗುಡಿಸಿದೆ.

ಆರನೆಯ ಬೆಳಿಗ್ಗೆ ಅತ್ತೆ ಬೈದರು. "ಮೀನ್ ಇಲ್ದಿರೆ ಬಾಯೂ ಇಲ್ಯಾ ನಿಂಗೆ? ಮೀನಿಲ್ಲೆ ಅಂದಾರೂ ಹೇಳಿ ಬಾ. ಕಾದ್ಕಂಡ್ ಕೂತವ್ರಿಗೆ ಅದಾರೂ ಗೊತ್ತಾಯ್ಲಿ."

ಮೀನಿಲ್ಲ ಎಂದು ಹೇಳಲು ಬಸ್ಸಿಗೆ ದುಡ್ಡು ಕೊಡುವ ಪೆದ್ದಿ ನಾನೊಬ್ಬಳೇ ಎಂದು ಗೊಣಗುತ್ತ ಹೋದೆ. ಮೊದಲ ಮನೆಯ ಅಮ್ಮ ನನ್ನನ್ನು ಕಂಡವರೇ ರೇಗಿದರು. "ಎಲ್ ಹೋಯಿದ್ಯೆ ಮಾರಾಯ್ತಿ? ನೀ ಬತ್ತೆ ಅಂದ್ಕಂಡ್ ಎರ್ಡ್ ದಿನ ಮಸಾಲಿ ಕಡ್ದ್ ಇಟ್ಕಂಡ್ ಕಾದೆ. ಬತ್ತಿಲ್ಲೆ ಅಂದಿರೆ ಬೇಳೆ ಸಾರ್ ಮಾಡ್ತಿದ್ದೆ." ಮೂರನೆಯ ದಿನ, ಸ್ಕೂಟರಿನಲ್ಲಿ ಮೀನು ಮಾರಿಕೊಂಡು ಬಂದವನಿಂದ ಹೊರರಾಜ್ಯದ ಐಸ್ ಮೀನು ಕೊಂಡಿದ್ದರಂತೆ. ನನಗೆ ಹೊಟ್ಟೆ ಉರಿಯಿತು. ತಪ್ಪು ನನ್ನದೇ ಆದ್ದರಿಂದ ಇವತ್ತೂ ಮೀನಿಲ್ಲ ಎಂದಷ್ಟೇ ಹೇಳಿ ಗೇಟಿನತ್ತ ತಿರುಗಿದೆ. ಹೊರಡುವಾಗ ಅವರೇ ಕೇಳಿದರು: "ಒಣಮೀನಾರೂ ಇತ್ತಾ?"

ಇತ್ತು. ಮಳೆಗಾಲಕ್ಕೆಂದು ಒಣಗಿಸಿದ್ದು ಡಬ್ಬಿಯಲ್ಲಿ ಮಿಕ್ಕಿತ್ತು. ಮನೆ ಖರ್ಚಿಗೆ ಇಟ್ಟದ್ದನ್ನು ಮಾರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮರುದಿನದಿಂದ ಅದನ್ನು ಒಯ್ದೆ. ಮುಗಿದ ಮೇಲೆ ಗಂಗೊಳ್ಳಿಯ ಪರಿಚಯದವರಿಂದ ತಂದೆ. ಏನೂ ಸಿಗದ ದಿನ ಸುಮ್ಮನೆ ಹೋಗಿ, ನಾಳೆಯೂ ಇಲ್ಲ ಎಂದು ಹೇಳಿಬಂದೆ. ಮೂರು ಮನೆಗಳು ಅಷ್ಟರಲ್ಲೇ ಸ್ಕೂಟರಿನವನ ಪಾಲಾಗಿದ್ದವು. ಉಳಿದವರು ನನ್ನನ್ನು ಬಿಡಲಿಲ್ಲ. ಹೆದರಿಕೆಯೂ ಬಿಡಲಿಲ್ಲ, ಆದರೆ ನಡೆಯುವಾಗ ಅಷ್ಟು ಕಾಡುತ್ತಿರಲಿಲ್ಲ.

ಒಂದು ಸಂಜೆ ಒಣಮೀನಿನ ತಲೆ ಮುರಿಯುತ್ತ ಕೂತಿದ್ದ ಅತ್ತೆಯನ್ನು ಕೇಳಿದೆ. ಹೆದ್ದಾರಿಯ ಆಚೆ ಬದಿಯ ಓಣಿಗಳಲ್ಲಿ ಅಷ್ಟೊಂದು ಮನೆಗಳಿವೆ, ಅಲ್ಲಿಗೆ ನನ್ನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ?

ಅವರು ಕೈ ನಿಲ್ಲಿಸದೆಯೇ ಹೇಳಿದರು: "ಅಲ್ಲೂ ಇದ್ದಿತ್ ನಂಗೆ ಮನಿ. ಒಂದ್ ವರ್ಷ ಮೀನ್ ಇಲ್ದಿದ್ದಾಗ ನಾನೂ ನಿನ್ ಹಾಂಗೇ ಹೆದ್ರಿ ಒಳ್ಗ್ ಕೂಕಂಡಿದ್ದೆ."